ಬಿಟ್‌ಕಾಯಿನ್ ಕ್ಯಾಶ್: 10 ನಿಮಿಷದ ಬ್ಲಾಕನ್ನು 1 ನಿಮಿಷಕ್ಕೆ ಇಳಿಸಿದರೆ ಸಿಗೋದೇನು, ಮುರಿಯೋದೇನು?

ಮರ್ಕಲ್_ಮಲೆನಾಡು (ಪ್ರಶ್ನೆ)

ಬಿಟ್‌ಕಾಯಿನ್‌ನಿಂದ ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್‌ನಲ್ಲಿ (ಬಿಸಿಎಚ್) ಬ್ಲಾಕ್ ಟೈಮ್, ಅಂದರೆ ವಹಿವಾಟುಗಳ ಒಂದು ಕಂತೆಯಿಂದ (ಬ್ಲಾಕ್) ಮುಂದಿನದಕ್ಕೆ ಹಿಡಿಯುವ ಸರಾಸರಿ ಹೊತ್ತು, ಇಳಿಸುವ ಮಾತು ಮತ್ತೆ ಮತ್ತೆ ಏಳುತ್ತಿದೆ. ಕೆಲವರು 2 ನಿಮಿಷ ಅಂತಾರೆ, ಕೆಲವರು 1 ನಿಮಿಷ. ಪರ, ವಿರೋಧ ಎರಡೂ ಓದಿದ್ದೇನೆ. ಒಂದು ಕಡೆಯವರದ್ದು "ಗಿರಾಕಿ ಅಷ್ಟು ಹೊತ್ತು ಕಾಯಲ್ಲ", ಇನ್ನೊಂದು ಕಡೆಯವರದ್ದು "ಸತೋಷಿ ಇಟ್ಟಿದ್ದು 10, ಮುಟ್ಟಬೇಡಿ" (ಸತೋಷಿ ಅಂದರೆ ಬಿಟ್‌ಕಾಯಿನ್ ಹುಟ್ಟುಹಾಕಿದವರು). ಎರಡರಲ್ಲೂ ಲೆಕ್ಕ ಕಾಣಿಸಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲನೆಯದು: 1 ನಿಮಿಷದ 10 ಕನ್ಫರ್ಮೇಶನ್ (ವಹಿವಾಟು ಸೇರಿದ ಬ್ಲಾಕ್ ಮತ್ತು ಅದರ ಮೇಲೆ ಬಂದ ಬ್ಲಾಕುಗಳ ಎಣಿಕೆ) ಮತ್ತು 10 ನಿಮಿಷದ 1 ಕನ್ಫರ್ಮೇಶನ್ ಭದ್ರತೆಯಲ್ಲಿ ಸಮವೋ ಅಲ್ಲವೋ? ಎರಡನೆಯದು: ಆರ್ಫನ್ ಬ್ಲಾಕ್‌ಗಳು (ಸಿಕ್ಕರೂ ಚೈನಿಗೆ ಸೇರದೆ ಬಿದ್ದುಹೋಗುವವು) ಎಷ್ಟು ಏರುತ್ತವೆ, ಆ ನಷ್ಟ ಯಾರ ತಲೆಗೆ? ಮೂರನೆಯದು ನನಗೆ ನೇರವಾಗಿ ಬೇಕಿರುವುದು: ನೋಡ್ (ಚೈನ್ ಪರಿಶೀಲಿಸಿ ಹರಡುವ ಪ್ರೋಗ್ರಾಮ್) ಕೋಡಿನಲ್ಲಿ 600 ಸೆಕೆಂಡನ್ನು 60 ಮಾಡುವುದರ ಜೊತೆಗೆ ಇನ್ನೇನೇನು ಬದಲಾಗಬೇಕು? ವ್ಯಾಲೆಟ್ ಬ್ಯಾಕೆಂಡ್ ಮತ್ತು ಬ್ಲಾಕ್ ಎಣಿಕೆಯ ಟೈಮ್‌ಲಾಕ್ (ಇಷ್ಟು ಬ್ಲಾಕ್ ಆಗುವವರೆಗೆ ಹಣ ತೆಗೆಯಲಾಗದ ಷರತ್ತು) ಇರುವ ಕೆಲವು ಕಾಂಟ್ರಾಕ್ಟ್‌ಗಳನ್ನು ನೋಡಿಕೊಳ್ಳಬೇಕಾಗಿದೆ.

ಲೈಟ್‌ಕಾಯಿನ್ 2011ರಿಂದ 2.5 ನಿಮಿಷದಲ್ಲಿ, ಡಾಜ್‌ಕಾಯಿನ್ 2013ರಿಂದ 1 ನಿಮಿಷದಲ್ಲಿ ಓಡುತ್ತಿವೆ ಅನ್ನುವುದು ಗೊತ್ತು. ಹುಟ್ಟಿದಾಗಲೇ ಹಾಗಿರುವುದು ಬೇರೆ, ಓಡುತ್ತಿರುವ ಚೈನಿನಲ್ಲಿ ಬದಲಿಸುವುದು ಬೇರೆ. ಬೆಲೆ ಏರುತ್ತಾ ಇಳಿಯುತ್ತಾ ಅನ್ನುವ ಮಾತು ದಯವಿಟ್ಟು ಬೇಡ.

ಪಾಯ್ಸನ್_ಪುತ್ತೂರು

ಮೊದಲನೇ ಪ್ರಶ್ನೆಗೆ ನಾನು ಹೇಳ್ತೇನೆ, ಉಳಿದದ್ದಕ್ಕೆ ಇಲ್ಲಿ ಬೇರೆ ಜನ ಉಂಟು.

"10 ನಿಮಿಷಕ್ಕೊಂದು ಬ್ಲಾಕ್" ಅಂದರೆ ಗಡಿಯಾರ ನೋಡಿಕೊಂಡು ಬರುವುದಲ್ಲ ಮಾರಾಯ್ರೆ, ಅದು ಬರೀ ಸರಾಸರಿ. ಬ್ಲಾಕ್ ಗೆಲ್ಲಲು ಮೈನರುಗಳ ಮಷೀನುಗಳು ನಡೆಸುವ ಲಾಟರಿಯಂಥ ಹ್ಯಾಶ್ ಹುಡುಕಾಟಕ್ಕೆ ನೆನಪೇ ಇಲ್ಲ. ನೀವು ಆಗಲೇ 9 ನಿಮಿಷ ಕಾದಿದ್ದರೂ ಮುಂದೆ ಕಾಯಬೇಕಾದ ಸರಾಸರಿ ಪುನಃ 10 ನಿಮಿಷವೇ. 30 ನಿಮಿಷ ದಾಟುವ ಸಾಧ್ಯತೆ ಇ-ಯ ಮೈನಸ್ 3 ಘಾತ, ಅಂದರೆ ಸುಮಾರು 5%. ಇಪ್ಪತ್ತರಲ್ಲಿ ಒಬ್ಬ ಗಿರಾಕಿಗೆ ಅರ್ಧ ಗಂಟೆ ಮೀರಿ ಕಾಯುವ ಹಣೆಬರಹ. ಬ್ಲಾಕ್ 1 ನಿಮಿಷ ಆದರೆ ಅದೇ ಇಪ್ಪತ್ತರಲ್ಲೊಬ್ಬನಿಗೆ ಬರುವುದು 3 ನಿಮಿಷ. ಮೊದಲ ಕನ್ಫರ್ಮೇಶನ್ನಿಗಾಗಿ ಕಾಯುವವರಿಗೆ ಲಾಭ ಇಲ್ಲಿದೆ: ಸರಾಸರಿ ಇಳಿಯುವುದಕ್ಕಿಂತ ಆ ಉದ್ದ ಬಾಲ ತುಂಡಾಗುವುದು ದೊಡ್ಡದು.

"ನನಗೆ 10 ನಿಮಿಷದಷ್ಟೇ ಕೆಲಸ ಮೇಲೆ ಕೂರಬೇಕು, ಅದಕ್ಕಿಂತ ಕಮ್ಮಿ ಒಪ್ಪುವುದಿಲ್ಲ" ಅನ್ನುವವರಿಗೂ ಲಾಭ ಇಲ್ಲದಿಲ್ಲ. 1 ನಿಮಿಷದ 10 ಬ್ಲಾಕ್ ಸೇರಲು ಸರಾಸರಿ 10 ನಿಮಿಷವೇ ಬೇಕು. ಆದರೆ 5% ಕೆಟ್ಟ ಸಂದರ್ಭದ ಗಡಿ 30 ನಿಮಿಷದಿಂದ 15.7 ನಿಮಿಷಕ್ಕೆ ಇಳಿಯುತ್ತದೆ. ಸಣ್ಣ ಸಣ್ಣ ಹತ್ತು ಲಾಟರಿ ಕೂಡಿದಾಗ ಏರಿಳಿತ ಚಪ್ಪಟೆ ಆಗುತ್ತದೆ, ಅಷ್ಟೆ.

ಈಗ ಭದ್ರತೆ. ಸತೋಷಿಯ ವೈಟ್‌ಪೇಪರಿನ ಕೊನೆಯ ಟೇಬಲ್ ತೆಗೆದು ನೋಡಿ. ದಾಳಿಕೋರನ ಕೈಯಲ್ಲಿ 10% ಹ್ಯಾಶ್ (ನೆಟ್‌ವರ್ಕಿನ ಒಟ್ಟು ಹುಡುಕುವ ಶಕ್ತಿಯ ಪಾಲು) ಇದ್ದರೆ 1 ಬ್ಲಾಕ್ ಆದಮೇಲೆ ಅವನು ಬೇರೆ ಚೈನ್ ಕಟ್ಟಿ ಹಿಂದಿಕ್ಕುವ ಸಾಧ್ಯತೆ 20.46%, 5 ಬ್ಲಾಕಿಗೆ 0.091%, 6ಕ್ಕೆ 0.024%, 10ಕ್ಕೆ 0.00012%. ಆ ಟೇಬಲಿನಲ್ಲಿ ಎಣಿಸುವುದು ಬ್ಲಾಕುಗಳನ್ನು, ನಿಮಿಷಗಳನ್ನಲ್ಲ. ಹಾಗಾಗಿ ಪಾಲು ಸ್ಥಿರ ಇರುವ ಸಣ್ಣ ದಾಳಿಕೋರನ ಎದುರು 10 ನಿಮಿಷದ 1 ಬ್ಲಾಕಿಗಿಂತ 1 ನಿಮಿಷದ 10 ಬ್ಲಾಕ್ ಎಷ್ಟೋ ಪಟ್ಟು ಗಟ್ಟಿ. 30% ಇರುವವನನ್ನು 0.1% ಒಳಗೆ ತಡೆಯಲು 24 ಬ್ಲಾಕ್ ಬೇಕು. ಈಗ ಅದು 4 ಗಂಟೆ, ಆಗ 24 ನಿಮಿಷ.

ಆದರೆ ಬಿಸಿಎಚ್‌ಗೆ ಇರುವ ನಿಜವಾದ ಹೆದರಿಕೆ ಅದಲ್ಲ. ಎರಡೂ ಚೈನ್ ಬಳಸುವ ಎಸ್‌ಎಚ್‌ಎ-256 ಹ್ಯಾಶ್‌ನ ದೊಡ್ಡ ಪಾಲು ಬಿಟಿಸಿಯಲ್ಲಿ (ಮೂಲ ಬಿಟ್‌ಕಾಯಿನ್) ಉಂಟು, ಮಷೀನುಗಳೂ ಅವೇ. ಅಲ್ಲಿಂದ ಒಂದು ದೊಡ್ಡ ಪೂಲ್ (ಒಟ್ಟಾಗಿ ಮೈನ್ ಮಾಡುವ ಗುಂಪು) ಮನಸ್ಸು ಮಾಡಿ ಇಲ್ಲಿಗೆ ತಿರುಗಿದರೆ ಅದರ ಪಾಲು 50% ದಾಟಬಹುದು, ಆಗ ಈ ಟೇಬಲ್ ಕೆಲಸಕ್ಕೆ ಬಾರದು. ಅಂಥವನಿಗೆ ಲೆಕ್ಕ ಒಂದೇ: ಹ್ಯಾಶ್‌ರೇಟ್ ಗುಣಿಸು ಹೊತ್ತು. ಅವನ ಎದುರು 1 ನಿಮಿಷದ 10 ಬ್ಲಾಕ್ 10 ನಿಮಿಷದ 1 ಬ್ಲಾಕಿಗೆ ಸರಿಸಮ, 1 ನಿಮಿಷದ 1 ಬ್ಲಾಕ್ ಹತ್ತನೇ ಒಂದು. "ಸಮ" ಅನ್ನುವವರೂ "ಸಮ ಅಲ್ಲ" ಅನ್ನುವವರೂ ಸರಿಯೇ. ಇಬ್ಬರ ಮನಸ್ಸಿನಲ್ಲಿರುವ ಕಳ್ಳ ಬೇರೆ ಬೇರೆ.

ಇನ್ನೊಂದು ವಿಷಯ. ಆ ಟೇಬಲಿನಲ್ಲಿ ಬ್ಲಾಕ್ ಹರಡುವ ಹೊತ್ತು ಸೊನ್ನೆ. ಆರ್ಫನ್ ಆದಷ್ಟೂ ಪ್ರಾಮಾಣಿಕ ಮೈನರುಗಳ ಕೆಲಸ ಪೋಲು, ಒಬ್ಬನೇ ಗುಟ್ಟಾಗಿ ಚೈನ್ ಕಟ್ಟುವ ದಾಳಿಕೋರನಿಗೆ ಆ ಪೋಲು ಇಲ್ಲ. 3.3% ಆರ್ಫನ್ ಇದ್ದರೆ 30% ದಾಳಿಕೋರ 30.7% ಇದ್ದ ಹಾಗೆ ಆಗ್ತಾನೆ. 12.5% ಆರ್ಫನ್ ಇದ್ದರೆ 32.9%. 1 ನಿಮಿಷದಲ್ಲಿ ಇದು ನಗಣ್ಯ, 15 ಸೆಕೆಂಡಿನಲ್ಲಿ ಅಲ್ಲ.

ಹ್ಯಾಶ್_ಹುಬ್ಬಳ್ಳಿ

ಆರ್ಫನ್ ಲೆಕ್ಕ ಹೀಂಗದ ನೋಡ್ರಿ. ಒಂದು ಬ್ಲಾಕ್ ಸಿಕ್ಕ ಗಳಿಗೆಯಿಂದ ಅದು ಉಳಿದ ಮೈನರ್‌ಗಳ ಮಷೀನಿಗೆ ಹೊಸ ಜಾಬ್ ಆಗಿ ಮುಟ್ಟೋತನಕ ಹಿಡಿಯೋ ಹೊತ್ತು ಎಷ್ಟು ಅನ್ನೋದೇ ಮುಖ್ಯ. ಬರೇ ನೋಡ್‌ನಿಂದ ನೋಡ್‌ಗೆ ಹೋಗೋ ಹೊತ್ತಲ್ಲ. ರಿಲೇ, ವೆರಿಫಿಕೇಶನ್, ಹೊಸ ಟೆಂಪ್ಲೇಟ್ (ಮುಂದಿನ ಬ್ಲಾಕಿನ ಕರಡು) ಕಟ್ಟೋದು, ಪೂಲ್ ಸರ್ವರ್‌ನಿಂದ ಮಷೀನಿಗೆ ಸ್ಟ್ರಾಟಮ್ (ಅವೆರಡು ಮಾತಾಡೋ ಪ್ರೋಟೊಕಾಲ್) ನೋಟಿಫೈ ಹೋಗೋದು, ನಾಕೂ ಕೂಡಿಸಿ ಹೇಳಾಕತ್ತೀನಿ.

2013ರಾಗ ಡೆಕ್ಕರ್ ಮತ್ತು ವಾಟನ್‌ಹೋಫರ್ ಬಿಟ್‌ಕಾಯಿನ್ ನೆಟ್‌ವರ್ಕ್ ಅಳದಾಗ ಒಂದು ಬ್ಲಾಕ್ ಅರ್ಧ ನೋಡ್‌ಗಳಿಗೆ ಮುಟ್ಟಾಕ 6.5 ಸೆಕೆಂಡ್, ಸರಾಸರಿ 12.6 ಸೆಕೆಂಡ್ ಬಂದಿತ್ತು. 40 ಸೆಕೆಂಡ್ ಆದರೂ 5% ನೋಡ್‌ಗಳಿಗೆ ಮುಟ್ಟಿರಲಿಲ್ಲ. ಹಳೇ ಚರ್ಚೆಗಳ ತುಂಬ ಇದೇ ಅಂಕಿ ಹಿಡಕೊಂಡು ಹೆದರಸ್ತಾರ. 2016ರಾಗ ಬಿಐಪಿ (ಬಿಟ್‌ಕಾಯಿನ್ ಸುಧಾರಣಾ ಪ್ರಸ್ತಾಪ) 152, ಅಂದ್ರ ಕಾಂಪ್ಯಾಕ್ಟ್ ಬ್ಲಾಕ್ ಬಂದ ಮ್ಯಾಲೆ ಚಿತ್ರ ಬದಲಾತು. ಮೆಂಪೂಲ್‌ನಾಗ (ಬ್ಲಾಕ್ ಸೇರಾಕ ಕಾಯೋ ಸಾಲು) ಮೊದಲೇ ಇರೋ ಟ್ರಾನ್ಸಾಕ್ಷನ್ ಮತ್ತ ಕಳಸೋದಿಲ್ಲ, ಒಂದೊಂದಕ್ಕ 6 ಬೈಟ್ ಗುರುತು ಕಳಸ್ತಾರ, ಅಷ್ಟ.

ಈಗ ಒಟ್ಟು ತಡ 2 ಸೆಕೆಂಡ್ ಅಂತ ಇಟಗೋರಿ. 10 ನಿಮಿಷಕ್ಕ ಆರ್ಫನ್ 0.33%. 2.5 ನಿಮಿಷಕ್ಕ 1.3%. 1 ನಿಮಿಷಕ್ಕ 3.3%. 15 ಸೆಕೆಂಡಿಗೆ 12.5%. 6 ಸೆಕೆಂಡಿಗೆ 28%. ಬ್ಲಾಕ್ ದೊಡ್ಡವಾಗಿ, ಮೆಂಪೂಲ್ ಒಂದಕ್ಕೊಂದು ಹೊಂದದ ತಡ 6 ಸೆಕೆಂಡಿಗೆ ಏರಿದ್ರ 1 ನಿಮಿಷದ ಬ್ಲಾಕ್‌ನಾಗ 9.5% ಆಗ್ತದ. ಅದಕ್ಕ "ಈಗ ಬ್ಲಾಕ್ ಖಾಲಿ ಅದಾವ, ಏನೂ ಆಗೂದಿಲ್ಲ" ಅನ್ನೋ ಮಾತು ನಂಬಬ್ಯಾಡ್ರಿ. ತುಂಬಿದ ಬ್ಲಾಕ್ ಇಟ್ಟು ಅಳೀಬೇಕು.

ಎಲ್ಲಾರಿಗೂ ಒಂದೇ ಪ್ರಮಾಣದಾಗ ಆರ್ಫನ್ ಆದ್ರ ಯಾರ ರೊಕ್ಕಾನೂ ಹೋಗೂದಿಲ್ಲ. ಡಿಫಿಕಲ್ಟಿ (ಬ್ಲಾಕ್ ಹುಡುಕೋ ಕಷ್ಟ) ಅಷ್ಟು ಇಳದು ಸರಿ ಮಾಡ್ತದ. ನೋವು ಇರೋದು ವ್ಯತ್ಯಾಸದಾಗ. 30% ಹ್ಯಾಶ್ ಇರೋ ಪೂಲ್ ತಾನು ಕಂಡುಹಿಡಿದ ಬ್ಲಾಕ್ ಮ್ಯಾಲೆ ಆ ಕ್ಷಣಕ್ಕ ಕೆಲಸ ಸುರು ಮಾಡ್ತದ, ಅದಕ್ಕ ತಡಾನ ಇಲ್ಲ. ಅದೇ 2 ಸೆಕೆಂಡ್ ಲೆಕ್ಕದಾಗ 1 ನಿಮಿಷದ ಬ್ಲಾಕಿಗೆ ಆ ಪೂಲಿನ ಆರ್ಫನ್ 2.3%, 1% ಹ್ಯಾಶ್ ಇರೋ ಸಣ್ಣ ಪೂಲಿಗೆ 3.2%. ಪೂಲ್ ಫೀ 1-2% ಇರೋ ಧಂದೆದಾಗ ಈ ಹೆಚ್ಚೂಕಮ್ಮಿ 1% ಫರಕು ಕಣ್ಣಿಗೆ ಬೀಳ್ತದ, ಆದ್ರ ಸಣ್ಣವರು ಬಾಗಿಲು ಹಾಕೋವಷ್ಟಲ್ಲ. 15 ಸೆಕೆಂಡಿಗೆ ಹೋದ್ರ 8.9% ಮತ್ತು 12.4%. ಆಗ ಸಣ್ಣವರು ದೊಡ್ಡ ಪೂಲಿಗೆ ಹೋಗಿ ಸೇರ್ತಾರ, ಬ್ಯಾರೆ ದಾರಿ ಇರೂದಿಲ್ಲ.

ಸಣ್ಣವರ ಪರವಾಗಿ ಒಂದು ಲೆಕ್ಕಾನೂ ಅದ, ಅದನ್ನ ವಿರೋಧಿಗಳು ಹೇಳೂದಿಲ್ಲ. 0.1% ಹ್ಯಾಶ್ ಇದ್ದಾವಗ ಈಗ ದಿನಕ್ಕ 144 ಬ್ಲಾಕ್‌ನಾಗ ಸರಾಸರಿ 7 ದಿನಕ್ಕೊಂದು ಸಿಗ್ತದ. 1440 ಆದ್ರ ದಿನಕ್ಕ 1.44. ಇನಾಮು ಹತ್ತನೇ ಒಂದಾದ್ರೂ ಕೈಗೆ ದಿನಾ ರೊಕ್ಕ ಬಂದ್ರ ಸಣ್ಣ ಪೂಲ್ ನಡಸಬಹುದು.

ನನಗ ಇದಕ್ಕಿಂತ ಹೆಚ್ಚು ಕಿರಿಕಿರಿ ಖಾಲಿ ಬ್ಲಾಕಿಂದು. ಹೊಸ ಬ್ಲಾಕ್ ಬಂದ ಕೂಡ್ಲೇ ಪೂಲ್‌ಗಳು ಮೊದಲ ಖಾಲಿ ಟೆಂಪ್ಲೇಟ್ ಕಳಿಸಿ, ಆಮ್ಯಾಲೆ ತುಂಬಿದ್ದು ಕಳಸ್ತಾವ. ಆ ಸಂದು 2 ಸೆಕೆಂಡ್ ಇದ್ರ 10 ನಿಮಿಷಕ್ಕ 0.33% ಬ್ಲಾಕ್ ಖಾಲಿ, 1 ನಿಮಿಷಕ್ಕ 3.3%. ಇನ್ನೂ ಕೆಟ್ಟದ್ದು ಅಂದ್ರ ಪೂರ್ತಿ ಬ್ಲಾಕ್ ವೆರಿಫೈ ಮಾಡದನ ಅದರ ಹೆಡರ್ (ತಲೆಬರಹ) ಮ್ಯಾಲೆ ಮೈನ್ ಮಾಡೋ ಆಸೆ ಹೆಚ್ಚಾಗ್ತದ. ಬಿಟ್‌ಕಾಯಿನ್‌ನಾಗ 2015ರ ಜುಲೈ 4ಕ್ಕ ಬಿಐಪಿ 66 ನಿಯಮ ಜಾರಿ ಆದಾಗ ಹಿಂಗ ಮಾಡಿದ ಪೂಲ್‌ಗಳು ಒಂದು ತಪ್ಪು ಬ್ಲಾಕ್ ಮ್ಯಾಲೆ ಕಟ್ಟಿ, ಅದೂ ಸೇರಿ 6 ಬ್ಲಾಕಿನ ತಪ್ಪು ಚೈನ್ ಮಾಡಿದ್ದವು.

ದೂರದ ಮಾತು: ಫೈಬರ್‌ನಾಗ ಬೆಳಕು 1000 ಕಿ.ಮೀ.ಗೆ 5 ಮಿಲಿಸೆಕೆಂಡ್. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರಿ ಎಳದ್ರೂ ಒಂದು ಕಡೆ 40ರ ಆಸುಪಾಸು. ನಾಕೈದು ಸಲ ಹೋಗಿ ಬಂದ್ರೂ ಅರ್ಧ ಸೆಕೆಂಡಿನೊಳಗ ಮುಗೀತದ. 2 ಸೆಕೆಂಡಿನ ದೊಡ್ಡ ಪಾಲು ಸಾಫ್ಟ್‌ವೇರಿಂದು, ಭೂಗೋಳದ್ದಲ್ಲ. ಅಂದ್ರ ಅದನ್ನ ಇಳಸಾಕ ಜಾಗಾ ಅದ.

ಕೋಡ್_ಕಟ್ಟೆ

ಮೂರನೇ ಪ್ರಶ್ನೆ. "600 ತೆಗೆದು 60 ಹಾಕಿದರಾಯಿತು" ಅಂದವರು ಮೊದಲ ಗಂಟೆಯಲ್ಲೇ ಚೈನ್ ಕೆಡಿಸುತ್ತಾರೆ. ಯಾಕೆ ಅಂತ ನೋಡಿ.

ಬಿಸಿಎಚ್‌ನ ಡಿಫಿಕಲ್ಟಿ 2020ರ ನವೆಂಬರ್ 15ರಿಂದ ಅಸರ್ಟ್ ಸೂತ್ರದಲ್ಲಿ ನಡೆಯುತ್ತಿದೆ. ಆಗ ನೆಟ್ಟ ಒಂದು ಆಂಕರ್ ಬ್ಲಾಕ್ ಇದೆ. ಅಲ್ಲಿಂದ ಈವರೆಗೆ ಕಳೆದ ಸೆಕೆಂಡುಗಳಿಂದ, ಕಳೆದ ಬ್ಲಾಕ್ ಸಂಖ್ಯೆ ಗುಣಿಸು 600 ಅನ್ನು ಕಳೆದು, ಬಂದದ್ದನ್ನು 1,72,800ರಿಂದ (2 ದಿನದ ಸೆಕೆಂಡು) ಭಾಗಿಸಿ, ಅದನ್ನು 2ರ ಘಾತವಾಗಿ ಏರಿಸಿ ಆಂಕರ್ ಟಾರ್ಗೆಟ್‌ಗೆ ಗುಣಿಸುತ್ತಾರೆ (ಟಾರ್ಗೆಟ್ ದೊಡ್ಡದಾದಷ್ಟೂ ಬ್ಲಾಕ್ ಸಿಗುವುದು ಸುಲಭ). ಆಂಕರ್ ಹಾಗೇ ಬಿಟ್ಟು 600ನ್ನು 60 ಮಾಡಿದಿರಿ ಅನ್ನಿ. ಆಂಕರ್‌ನಿಂದ 2.5 ಲಕ್ಷ ಬ್ಲಾಕ್ ಆಗಿದ್ದರೆ ಪ್ರತಿ ಬ್ಲಾಕಿಗೂ 540 ಸೆಕೆಂಡ್ "ತಡ" ಆಗಿದೆ ಅಂತ ಸೂತ್ರ ತಿಳಿಯುತ್ತದೆ. 540 ಗುಣಿಸು 2,50,000 ಭಾಗಿಸು 1,72,800 ಅಂದರೆ 781. ಟಾರ್ಗೆಟ್ 2ರ 781ನೇ ಘಾತದಷ್ಟು ಸಡಿಲವಾಗಲು ಹೋಗಿ ಗರಿಷ್ಠ ಮಿತಿಗೆ ಬಡಿಯುತ್ತದೆ, ಡಿಫಿಕಲ್ಟಿ 1ಕ್ಕೆ ಬೀಳುತ್ತದೆ. ಒಂದು ಹಳೇ ಮಷೀನ್ ಸೆಕೆಂಡಿಗೆ ರಾಶಿ ಬ್ಲಾಕ್ ಉಗುಳುತ್ತದೆ.

ಸರಿಯಾದ ದಾರಿ: ಕೊನೆಯ 10 ನಿಮಿಷದ ಬ್ಲಾಕನ್ನು ಹೊಸ ಆಂಕರ್ ಮಾಡಬೇಕು, ಅದರ ಟಾರ್ಗೆಟನ್ನು 10ರಿಂದ ಗುಣಿಸಬೇಕು, ಆಮೇಲೆ 60 ಹಾಕಬೇಕು. ಗುಣಿಸಲು ಮರೆತರೆ ಮೊದಲ ಬ್ಲಾಕುಗಳು 10 ನಿಮಿಷಕ್ಕೇ ಬರುತ್ತವೆ, ಸೂತ್ರ ಸರಿ ಹೋಗಲು ದಿನಗಟ್ಟಲೆ ಬೇಕು. 1,72,800 ಸೆಕೆಂಡಿನಲ್ಲಿ ಇರುವುದರಿಂದ ಅದನ್ನು ಮುಟ್ಟುವ ಅಗತ್ಯವಿಲ್ಲ. ಟೈಮ್‌ಸ್ಟ್ಯಾಂಪ್ ಮೋಸದ ಭಯ ಇದ್ದರೆ ಒಂದು ಲೆಕ್ಕ: ನಿಯಮ ಬಿಡುವ ಗರಿಷ್ಠ 2 ಗಂಟೆ ಮುಂದಿನ ಸಮಯ ಹಾಕಿದರೂ ಮುಂದಿನ ಬ್ಲಾಕ್ ಸಡಿಲವಾಗುವುದು 2.9% ಮಾತ್ರ, ಬ್ಲಾಕ್ ಟೈಮ್ ಎಷ್ಟೇ ಇರಲಿ.

ಇನಾಮು: ಬ್ಲಾಕಿಗೆ 3.125 ಬಿಸಿಎಚ್ ಇದ್ದದ್ದು 0.3125 ಆಗಬೇಕು, ಅಂದರೆ 3,12,50,000 ಸತೋಷಿ (ಒಂದು ಕಾಯಿನ್ನಿನ ಹತ್ತು ಕೋಟಿಯಲ್ಲೊಂದು ಪಾಲು). ಹಾಲ್ವಿಂಗ್ (ಇನಾಮು ಅರ್ಧವಾಗುವುದು) 2,10,000 ಬ್ಲಾಕಿಗೊಮ್ಮೆ ಅಂತ ಕೋಡಿನಲ್ಲಿದೆ. ಇಲ್ಲಿ ಕಾಲ್ಪನಿಕ ಎತ್ತರ (ಬ್ಲಾಕಿನ ಕ್ರಮಸಂಖ್ಯೆ) ಒಂದನ್ನು ಲೆಕ್ಕ ಹಾಕುವುದು ಸುಲಭ: ಫೋರ್ಕ್ (ನಿಯಮ ಬದಲಾಗುವ) ಎತ್ತರಕ್ಕೆ, ಆಮೇಲೆ ಬಂದ ಬ್ಲಾಕುಗಳ ಹತ್ತನೇ ಒಂದು ಭಾಗ ಕೂಡಿಸಿ, ಶೇಷ ಬಿಟ್ಟುಬಿಡಿ. ಹಾಲ್ವಿಂಗ್ ಎಣಿಕೆ ಇದರಿಂದ. ಭಾಗಾಕಾರದಲ್ಲಿ ಕೆಲವು ಸತೋಷಿ ಉದುರುತ್ತವೆ, ಒಟ್ಟು ಮೊತ್ತ 2.1 ಕೋಟಿ ದಾಟುವುದಿಲ್ಲ.

ಓಡುತ್ತಿರುವ ಚೈನಿನಲ್ಲಿ ಇದನ್ನು ಮಾಡಿ ತೋರಿಸಿದ್ದು ಝೀಕ್ಯಾಶ್. 2019ರ ಡಿಸೆಂಬರ್‌ನ ಬ್ಲಾಸಮ್ ಅಪ್‌ಗ್ರೇಡಿನಲ್ಲಿ 150 ಸೆಕೆಂಡನ್ನು 75 ಮಾಡಿದರು, ಇನಾಮು 12.5ರಿಂದ 6.25, ಹಾಲ್ವಿಂಗ್ ಅಂತರ 8.4 ಲಕ್ಷದಿಂದ 16.8 ಲಕ್ಷ, ಟ್ರಾನ್ಸಾಕ್ಷನ್ ಎಕ್ಸ್‌ಪೈರಿ 20 ಬ್ಲಾಕಿನಿಂದ 40. ಆ ಕೊನೆಯದ್ದನ್ನು ಗಮನಿಸಿ, ಅಂಥ ಸಣ್ಣ ಎಣಿಕೆಗಳೇ ಕೈಕೊಡುವುದು. ಮೊನೆರೊ ತದ್ವಿರುದ್ಧ ಹೋಯಿತು: 2016ರ ಮಾರ್ಚ್‌ನಲ್ಲಿ 1 ನಿಮಿಷದಿಂದ 2 ನಿಮಿಷಕ್ಕೆ ಏರಿಸಿದರು.

ಬಿಸಿಎಚ್‌ನಲ್ಲಿ ಅಂಥ ಎಣಿಕೆಗಳು ಎಲ್ಲೆಲ್ಲಿವೆ? ಕಾಯಿನ್‌ಬೇಸ್ ಮೆಚ್ಯುರಿಟಿ (ಮೈನರ್ ತನ್ನ ಇನಾಮು ಖರ್ಚು ಮಾಡಲು ಕಾಯಬೇಕಾದದ್ದು) 100 ಬ್ಲಾಕ್. ಈಗ ಅದು 16 ಗಂಟೆ 40 ನಿಮಿಷ, ಮುಟ್ಟದಿದ್ದರೆ 1 ಗಂಟೆ 40 ನಿಮಿಷ ಆಗುತ್ತದೆ, 1000 ಮಾಡಬೇಕು. ಬಿಸಿಎಚ್‌ಎನ್ ಅನ್ನುವ ನೋಡ್ ಸಾಫ್ಟ್‌ವೇರಿನಲ್ಲಿ 10 ಬ್ಲಾಕ್ ಆಳದ ರೀಆರ್ಗ್ (ಒಪ್ಪಿದ ಬ್ಲಾಕ್ ಬಿಟ್ಟು ಬೇರೆ ಚೈನಿಗೆ ಹೋಗುವುದು) ತಡೆ ಇದೆ, ಜೊತೆಗೆ 2 ಗಂಟೆಯ ಫೈನಲೈಸೇಶನ್ ವಿಳಂಬ. ವಿಳಂಬ ಇರುವುದರಿಂದ ಮೊದಲ 2 ಗಂಟೆ ಬಚಾವ್, ಆದರೆ 10 ಅನ್ನುವ ಆಳ ಹೊಸ ಲೆಕ್ಕದಲ್ಲಿ ಬರೀ 10 ನಿಮಿಷದ ಕೆಲಸ. 100 ಮಾಡದೆ ಬಿಟ್ಟರೆ, ನೆಟ್‌ವರ್ಕ್ ಕೆಲವು ಗಂಟೆ ಎರಡು ಹೋಳಾಗಿ ಮತ್ತೆ ಸೇರಿದಾಗ ಎರಡೂ ಕಡೆಯ ನೋಡ್‌ಗಳು ಇನ್ನೊಂದರ ಚೈನ್ ಒಪ್ಪುವುದಿಲ್ಲ.

ಬ್ಲಾಕ್ ಗಾತ್ರ: ಗಾತ್ರದ ಮಿತಿಯನ್ನು ತಾನೇ ಹೊಂದಿಸುವ, 2024ರ ಮೇನಲ್ಲಿ ಬಂದ ಅಬ್ಲಾ ಸೂತ್ರಕ್ಕೆ 32 ಎಂಬಿ ತಳಮಿತಿ. ಅಷ್ಟೇ ಥ್ರೂಪುಟ್ ಬೇಕಿದ್ದರೆ ಅದು 3.2 ಎಂಬಿ ಆಗಬೇಕು. ಅದರ ಬೆಳವಣಿಗೆ ಸ್ಥಿರಾಂಕಗಳು ಬ್ಲಾಕ್ ಲೆಕ್ಕದಲ್ಲಿ ಇರುವುದರಿಂದ ಅವನ್ನೂ ಹತ್ತನೇ ಒಂದಕ್ಕೆ ಇಳಿಸಬೇಕು, ಇಲ್ಲದಿದ್ದರೆ ಮಿತಿ ಹತ್ತು ಪಟ್ಟು ವೇಗದಲ್ಲಿ ಏರಬಲ್ಲದು.

ಈಗ ನಿಮ್ಮ ಕಾಂಟ್ರಾಕ್ಟ್‌ಗಳು. ಇದೇ ನಿಜವಾದ ತಲೆನೋವು. ಬ್ಲಾಕ್ ಎಣಿಕೆಯ ರಿಲೇಟಿವ್ ಲಾಕ್ (ಬಿಐಪಿ 68, ಹಣ ಬಂದ ಬ್ಲಾಕಿನಿಂದ ಎಣಿಸುವುದು) 16 ಬಿಟ್, ಗರಿಷ್ಠ 65,535 ಬ್ಲಾಕ್. ಈಗ 455 ದಿನ, ಆಗ 45 ದಿನ. ಕ್ಯಾಶ್‌ಸ್ಕ್ರಿಪ್ಟಿನಲ್ಲಿ (ಬಿಸಿಎಚ್ ಕಾಂಟ್ರಾಕ್ಟ್ ಬರೆಯುವ ಭಾಷೆ) 1000 ಬ್ಲಾಕ್ ವಯಸ್ಸು ಕೇಳಿದ್ದರೆ ಸುಮಾರು 7 ದಿನ ಇದ್ದದ್ದು 16.7 ಗಂಟೆ ಆಗುತ್ತದೆ. ವಾಪಸ್ ಪಡೆಯಲು ಒಂದು ವಾರ ಸಮಯ ಇದೆ ಅಂತ ನಂಬಿ ಕೂತವರ ಹಣ ಮರುದಿನ ಬೆಳಗ್ಗೆ ಎದುರಿನವನ ಕೈ ಸೇರಬಹುದು. ಸ್ಕ್ರಿಪ್ಟ್ ಒಮ್ಮೆ ಲಾಕ್ ಆದ ಮೇಲೆ ತಿದ್ದಲು ಬರುವುದಿಲ್ಲ.

ರಿಲೇಟಿವ್ ಲಾಕಿಗೆ ಪರಿಹಾರ ಸಾಧ್ಯ: ನೋಡಿಗೆ ಪ್ರತಿ ಯುಟಿಎಕ್ಸ್‌ಒ (ಖರ್ಚಾಗದೆ ಉಳಿದ ಹಣದ ತುಂಡು) ಯಾವ ಎತ್ತರದಲ್ಲಿ ಹುಟ್ಟಿತು ಅಂತ ಗೊತ್ತು, ಫೋರ್ಕಿಗಿಂತ ಹಳೆಯದಕ್ಕೆ 10 ಹೊಸ ಬ್ಲಾಕನ್ನು 1 ಅಂತ ಎಣಿಸಬಹುದು. ಎತ್ತರ ನಮೂದಿಸಿದ ಆಬ್ಸಲ್ಯೂಟ್ ಲಾಕಿಗೆ ಈ ಉಪಾಯ ನಡೆಯದು, ಸಹಿ ಹಾಕಿಟ್ಟ ಟ್ರಾನ್ಸಾಕ್ಷನ್ ಯಾವ ಕಾಲದ್ದು ಅಂತ ಅದರಲ್ಲಿ ಬರೆದಿರುವುದಿಲ್ಲ. ನನ್ನ ಸಲಹೆ, ಚರ್ಚೆ ಎಲ್ಲಿಗೇ ಹೋಗಲಿ, ಹೊಸ ಕಾಂಟ್ರಾಕ್ಟ್ ಎಲ್ಲದರಲ್ಲೂ ಈಗಿನಿಂದಲೇ ಸಮಯದ ಲಾಕ್ ಬಳಸಿ: ಇನ್‌ಪುಟ್ಟಿನ ಸೀಕ್ವೆನ್ಸ್ ಸಂಖ್ಯೆಯ 22ನೇ ಬಿಟ್ ಏರಿಸಿದರೆ ಎಣಿಕೆ 512 ಸೆಕೆಂಡಿನ ತುಂಡುಗಳಲ್ಲಿ. ಇದು ಕಳೆದ 11 ಬ್ಲಾಕುಗಳ ಮಧ್ಯದ ಸಮಯವನ್ನು ನೋಡುತ್ತದೆ. ಹಾಗಾಗಿ ಈಗ ಸುಮಾರು 1 ಗಂಟೆ ಹಿಂದೆ ಓಡುತ್ತದೆ, 1 ನಿಮಿಷದ ಬ್ಲಾಕ್ ಬಂದರೆ ಹಿಂದುಳಿಯುವುದು 6 ನಿಮಿಷದಷ್ಟೆ.

ವ್ಯಾಲೆಟ್ ಕಡೆ: ಹೆಡರ್ 80 ಬೈಟ್, ವರ್ಷಕ್ಕೆ 52,560 ಇದ್ದದ್ದು 5,25,600. ಅಂದರೆ 4.2 ಎಂಬಿ ಬದಲು 42 ಎಂಬಿ. ಫೋನಿಗೆ ಭಾರ ಅಲ್ಲ, ಆದರೆ ಸೊನ್ನೆಯಿಂದ ಸಿಂಕ್ ಮಾಡುವ ಹಗುರ ವ್ಯಾಲೆಟ್ಟಿಗೆ ಚೆಕ್‌ಪಾಯಿಂಟ್ ಹೊಸದಿರಲಿ. "6 ಕನ್ಫರ್ಮೇಶನ್ ಆದರೆ ಹಸಿರು" ಅಂತ ಗಟ್ಟಿಯಾಗಿ ಬರೆದಿಟ್ಟ ಸಾಲು ನಿಮ್ಮ ಬ್ಯಾಕೆಂಡಿನಲ್ಲಿ ಎಷ್ಟು ಕಡೆ ಇದೆ ಅಂತ ಇವತ್ತೇ ಗ್ರೆಪ್ ಮಾಡಿ (ಕೋಡಿನಲ್ಲಿ ಹುಡುಕಿ) ನೋಡಿ.

ಸೊನ್ನೆ_ಕನ್ಫ್

ಇಷ್ಟೆಲ್ಲ ಮುರಿದು ಕಟ್ಟುವುದು ಯಾರಿಗಾಗಿ ಅನ್ನೋದು ನನ್ನ ತಕರಾರು. ಅಂಗಡಿ ಕೌಂಟರಿನಲ್ಲಿ ನಿಂತವನಿಗೆ 10 ನಿಮಿಷವೂ ದಂಡ, 1 ನಿಮಿಷವೂ ದಂಡ. ಅಲ್ಲಿ ನಡೆಯೋದು ಝೀರೋ-ಕನ್ಫ್ (ಬ್ಲಾಕ್ ಸೇರುವ ಮೊದಲೇ ಒಪ್ಪುವುದು) ಮಾತ್ರ. ಬಿಸಿಎಚ್‌ನಲ್ಲಿ ಡಬಲ್ ಸ್ಪೆಂಡ್ ಪ್ರೂಫ್ ಇದೆ: ಒಂದೇ ಔಟ್‌ಪುಟ್ಟನ್ನು ಎರಡು ಕಡೆ ಖರ್ಚು ಮಾಡಿದ್ದು ಕಂಡ ನೋಡ್, ಎರಡನೇ ಟ್ರಾನ್ಸಾಕ್ಷನ್ ಬದಲು ಅದಕ್ಕೆ ಪುರಾವೆ ಹರಡುತ್ತದೆ. ಕೆಲವು ಸೆಕೆಂಡ್ ಕಾದು ಪುರಾವೆ ಬರದಿದ್ದರೆ ಕಾಫಿ ಕೊಟ್ಟು ಕಳಿಸಬಹುದು. ಅದರ ಮಿತಿಯೂ ಗೊತ್ತಿರಲಿ. ಇನ್‌ಪುಟ್‌ಗಳು ಪಿ2ಪಿಕೆಎಚ್ (ಒಂದೇ ಕೀಲಿಯ ಸಾಮಾನ್ಯ ವಿಳಾಸದ ಹಣ) ಆಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಇನ್ನು, ಎರಡನೇ ಟ್ರಾನ್ಸಾಕ್ಷನ್ನನ್ನು ನೇರ ಮೈನರ್ ಕೈಗೆ ಕೊಟ್ಟರೆ ಯಾರಿಗೂ ಕಾಣುವುದಿಲ್ಲ.

ಇನ್ನೊಂದು ತುದಿಯಲ್ಲಿ ಎಕ್ಸ್‌ಚೇಂಜ್‌ಗಳು. ಅವರು ನೋಡೋದು ಒಟ್ಟು ಕೆಲಸ. ಬ್ಲಾಕ್ ಹತ್ತು ಪಟ್ಟು ಬೇಗ ಬಂದರೆ ಹತ್ತು ಪಟ್ಟು ಕನ್ಫರ್ಮೇಶನ್ ಕೇಳುತ್ತಾರೆ. ಎಥೀರಿಯಂ ಕ್ಲಾಸಿಕ್ ಬ್ಲಾಕ್ 13 ಸೆಕೆಂಡಿನ ಆಸುಪಾಸು. 2020ರ ಆಗಸ್ಟ್‌ನಲ್ಲಿ ಸಾವಿರಾರು ಬ್ಲಾಕ್ ಆಳದ ರೀಆರ್ಗ್‌ಗಳಾದವು, ಆಮೇಲೆ ಡೆಪಾಸಿಟ್‌ಗೆ ಕೇಳುವ ಕನ್ಫರ್ಮೇಶನ್ ವಿಪರೀತ ಏರಿತು. ಮೊನೆರೊದಲ್ಲಿ 10 ಬ್ಲಾಕ್ ಆದಮೇಲೆ ಹಣ ಬಳಸಬಹುದು ಅನ್ನುವ ನಿಯಮ. 2025ರ ಸೆಪ್ಟೆಂಬರ್‌ನಲ್ಲಿ 18 ಬ್ಲಾಕಿನ ರೀಆರ್ಗ್ ಬಂತು. ಎಣಿಕೆ ನಂಬಿ ಕೂತವರಿಗೆ ಎಣಿಕೆ ಸಾಲಲಿಲ್ಲ.

ನಡುವೆ ಉಳಿಯೋದು ಒಂದು ಕನ್ಫರ್ಮೇಶನ್ ಸಾಕು ಅನ್ನುವವರು: ಟೋಕನ್ ಅದಲುಬದಲು, ಎಟಿಎಂ, ಚಿಕ್ಕ ಮೊತ್ತದ ಆನ್‌ಲೈನ್ ಸೇವೆ. ಅವರಿಗೆ ಲಾಭ ಇದೆ, ಒಪ್ಪಿದೆ. ಅಷ್ಟಕ್ಕೆ 2 ನಿಮಿಷ ಸಾಕು. 20ರಲ್ಲಿ ಒಬ್ಬ ಕಾಯೋದು 6 ನಿಮಿಷ, ಆರ್ಫನ್ ಹುಬ್ಬಳ್ಳಿಯವರ ಲೆಕ್ಕದಲ್ಲಿ 1.7%.

ಮರ್ಕಲ್_ಮಲೆನಾಡು

ಅಂಕಿಗಳಿಗೆ ಎಲ್ಲರಿಗೂ ಥ್ಯಾಂಕ್ಸ್. ಗ್ರೆಪ್ ಮಾಡಿದೆ, ಪಟ್ಟಿ ಉದ್ದ ಇದೆ. ಇನ್ನೆರಡು ಪ್ರಶ್ನೆ. ಎಥೀರಿಯಂ 12 ಸೆಕೆಂಡ್, ಬಿಎನ್‌ಬಿ ಚೈನ್ 1 ಸೆಕೆಂಡಿಗೂ ಕಡಿಮೆ, ಕಾಸ್ಪಾ ಪಿಓಡಬ್ಲ್ಯೂ (ನಮ್ಮ ಹಾಗೇ ಹ್ಯಾಶ್ ಹುಡುಕುವ ಮೈನಿಂಗ್) ಆಗಿದ್ದೂ ಸೆಕೆಂಡಿಗೆ 10 ಬ್ಲಾಕ್. ಇವನ್ನು ತೋರಿಸಿ "ನಾವ್ಯಾಕೆ ಆಗಲ್ಲ" ಅನ್ನುವವರಿಗೆ ಏನು ಹೇಳುವುದು? ಎರಡನೆಯದು, ಆ 2 ಸೆಕೆಂಡ್ ಅನ್ನುವ ಊಹೆಯನ್ನು ನಾನೇ ಅಳೆದು ನೋಡುವುದು ಹೇಗೆ?

ಪಾಯ್ಸನ್_ಪುತ್ತೂರು

ಮೂರೂ ಬೇರೆ ಬೇರೆ ಜಾತಿ. ಎಥೀರಿಯಂನಲ್ಲಿ 2022ರ ಸೆಪ್ಟೆಂಬರ್ 15ರ ಮರ್ಜ್ (ಮೈನಿಂಗ್ ಕೈಬಿಟ್ಟ ಬದಲಾವಣೆ) ನಂತರ ಯಾವ 12 ಸೆಕೆಂಡಿಗೆ ಯಾರು ಬ್ಲಾಕ್ ಕಟ್ಟಬೇಕು ಅಂತ ಮೊದಲೇ ನಿಗದಿ, ಪೈಪೋಟಿಯೇ ಇಲ್ಲ. ಬ್ಲಾಕ್ ಬರಲು ಮೊದಲ 4 ಸೆಕೆಂಡ್ ಗಡುವು, ಆಮೇಲೆ ಉಳಿದವರು ಮತ ಹಾಕುತ್ತಾರೆ. ಅಷ್ಟಾಗಿಯೂ ಫೈನಾಲಿಟಿಗೆ (ಬ್ಲಾಕ್ ಇನ್ನು ವಾಪಸ್ ಹೋಗದ ಸ್ಥಿತಿ) 2 ಎಪೋಕ್, ಅಂದರೆ 12 ಸೆಕೆಂಡಿನ 64 ಸ್ಲಾಟ್, 12.8 ನಿಮಿಷ. ಬ್ಲಾಕ್ ಬೇಗ ಬಂತು ಅಂದ ಮಾತ್ರಕ್ಕೆ ವಾಪಸ್ ಹೋಗದ ಹಾಗೆ ಆಯಿತು ಅಂತಲ್ಲ.

ಪಿಓಡಬ್ಲ್ಯೂ ಇದ್ದಾಗ ಅದೇ ಎಥೀರಿಯಂ 13 ಸೆಕೆಂಡಿನ ಸುತ್ತ ಓಡುತ್ತಿತ್ತು, ಹೇಗೆ? ಆರ್ಫನ್ನಿಗೆ ಅಂಕಲ್ ಅಂತ ಹೆಸರಿಟ್ಟು ಇನಾಮಿನ 8ರಲ್ಲಿ 7 ಪಾಲಿನ ತನಕ ಕೊಡುತ್ತಿದ್ದರು, ಒಂದು ಬ್ಲಾಕಿಗೆ ಎರಡು ಅಂಕಲ್ ಮಿತಿ. ಬಿಎನ್‌ಬಿ 2025ರಲ್ಲಿ 3 ಸೆಕೆಂಡಿಂದ 1.5ಕ್ಕೆ, ಆಮೇಲೆ 0.75ಕ್ಕೆ ಇಳಿದದ್ದು ಕೆಲವೇ ಡಜನ್ ವ್ಯಾಲಿಡೇಟರುಗಳ ಬಲದಲ್ಲಿ. ಕಾಸ್ಪಾ 2025ರ ಮೇನಲ್ಲಿ ಸೆಕೆಂಡಿಗೆ 10ಕ್ಕೆ ಹೋಯಿತು, ಆದರೆ ಅದು ಸರಪಳಿಯೇ ಅಲ್ಲ, ಡ್ಯಾಗ್ (ಒಂದು ಬ್ಲಾಕ್ ಹಿಂದಿನ ಹಲವು ಬ್ಲಾಕಿಗೆ ಜೋಡಿಸಿಕೊಳ್ಳುವ ಜಾಲ). ಒಟ್ಟೊಟ್ಟಿಗೆ ಬಂದ ಬ್ಲಾಕುಗಳನ್ನು ಬಿಸಾಡದೆ ಸಾಲು ಹಚ್ಚುತ್ತದೆ. ಅಂಕಿ ಮಾತ್ರ ಕಡ ತಂದರೆ ಆಗುವುದಿಲ್ಲ, ಯಂತ್ರವನ್ನೇ ತರಬೇಕು.

ಹ್ಯಾಶ್_ಹುಬ್ಬಳ್ಳಿ

ಅಳಿಯೂದು ಹೀಂಗ. ಎರಡು ಮೂರು ಊರಾಗ ನೋಡ್ ಇಡ್ರಿ, ಒಂದು ಬೆಂಗಳೂರು, ಒಂದು ಯುರೋಪ್, ಒಂದು ಅಮೆರಿಕಾ. ಮೊದಲ ಕ್ರೋನಿ ಹಾಕಿ ಗಡಿಯಾರ ಕೂಡಸ್ರಿ, ಇಲ್ಲಾಂದ್ರ ಮಿಲಿಸೆಕೆಂಡ್ ಹೋಲಿಕೆಗೆ ಅರ್ಥ ಇಲ್ಲ. ಕಾನ್ಫಿಗ್‌ನಾಗ ಲಾಗ್‌ಟೈಮ್‌ಮೈಕ್ರೋಸ್ 1 ಮಾಡ್ರಿ, ಡಿಬಗ್‌ಗೆ ಕಾಂಪ್ಯಾಕ್ಟ್ ಬ್ಲಾಕ್ ವರ್ಗ ಹಚ್ರಿ. ಲಾಗ್‌ನಾಗ ಕಾಂಪ್ಯಾಕ್ಟ್ ಬ್ಲಾಕ್ ಬಂದ ಸಾಲಿಗೂ ಅಪ್‌ಡೇಟ್‌ಟಿಪ್ ಸಾಲಿಗೂ ನಡುವಿನ ಅಂತರ ತಗೋರಿ. ಕಡಿಮೆ ಬಿದ್ದ ಟ್ರಾನ್ಸಾಕ್ಷನ್ ಎಷ್ಟು ಸಲ ಕೇಳಬೇಕಾತು ಅನ್ನೋದನ್ನ ಬ್ಯಾರೆ ಎಣಸ್ರಿ, ಪ್ರತಿ ಸಲಕ್ಕ ಒಂದು ಹೋಗಿ-ಬರೋ ಹೊತ್ತು ಹೆಚ್ಚು. ನೋಡ್ ಸುರು ಆದ ಮೊದಲ ಕೆಲವು ತಾಸು ಬಿಡ್ರಿ, ಮೆಂಪೂಲ್ ತುಂಬಿರೂದಿಲ್ಲ.

ಪೂಲ್ ಪಾಲು ಅಳ್ಯಾಕ ನಾಕೈದು ಪೂಲಿನ ಸ್ಟ್ರಾಟಮ್‌ಗೆ ಒಂದು ಡಮ್ಮಿ ವರ್ಕರ್ ಜೋಡಸ್ರಿ. ಹೊಸ ಹಿಂದಿನ-ಹ್ಯಾಶ್ ಇರೋ ಜಾಬ್ ಬಂದ ಹೊತ್ತು ಬರಕೋರಿ. ಮೊದಲು ಕಳಿಸಿದ ಪೂಲಿಗೂ ಕೊನೆಗೆ ಕಳಿಸಿದ್ದಕ್ಕೂ ಇರೋ ಸಂದು ನಿಮಗ ಬೇಕಾದ ನಿಜವಾದ ಅಂಕಿಗೆ ಹತ್ರ. ಅದರ ಕೂಡ ಗೆಟ್‌ಚೈನ್‌ಟಿಪ್ಸ್ (ನೋಡ್ ಕಂಡ ಕವಲುಗಳ ಪಟ್ಟಿ ಕೊಡೋ ಆಜ್ಞೆ) ದಿನಾ ಓಡಿಸಿ ವ್ಯಾಲಿಡ್-ಫೋರ್ಕ್, ವ್ಯಾಲಿಡ್-ಹೆಡರ್ಸ್ ಎಣಸ್ರಿ. 2 ಸೆಕೆಂಡ್ ಊಹೆ ಖರೇ ಇದ್ರ ಎರಡು ದಿನಕ್ಕ ಒಂದರ ಆಸುಪಾಸು ಕಾಣಬೇಕು. ನಿಮ್ಮ ನೋಡ್‌ಗೆ ಕೇಳಿಸದ ಆರ್ಫನ್ ಅದರಾಗ ಬರೂದಿಲ್ಲ, ಅದಕ್ಕ ಅದು ಕನಿಷ್ಠ ಅಂಕಿ ಅಂತ ತಿಳೀರಿ.

ಆಮ್ಯಾಲೆ ರೆಗ್‌ಟೆಸ್ಟ್‌ನಾಗ (ನಿಮ್ಮದೇ ಖಾಸಗಿ ಪರೀಕ್ಷಾ ಚೈನ್) ಏಳೆಂಟು ನೋಡ್ ಕಟ್ಟಿ, ನೆಟ್‌ಎಮ್ (ನೆಟ್‌ವರ್ಕ್ ತಡ ಹುಟ್ಟಸೋ ಸಾಧನ) ಹಚ್ಚಿ ನಡುವ 100 ಮಿಲಿಸೆಕೆಂಡ್ ತಡ ಹಾಕಿ, 3.2 ಎಂಬಿ ತುಂಬಿದ ಬ್ಲಾಕ್ ಓಡಸ್ರಿ. ಅರ್ಧದಷ್ಟು ಓಟದಾಗ ನೋಡ್‌ಗಳ ಮೆಂಪೂಲ್ ಬೇಕಂತನ ಹತ್ತು ಪರ್ಸೆಂಟ್ ಬ್ಯಾರೆ ಇಡ್ರಿ. ಸರಾಸರಿ ನೋಡಬ್ಯಾಡ್ರಿ, 95ನೇ ಪರ್ಸೆಂಟೈಲ್ ನೋಡ್ರಿ. ಅದು 3 ಸೆಕೆಂಡ್ ದಾಟಿದ್ರ ನಾನೂ ಸೊನ್ನೆ_ಕನ್ಫ್ ಅವರ 2 ನಿಮಿಷಕ್ಕ ಕೈ ಎತ್ತತೀನಿ. ದಾಟಲಿಲ್ಲ ಅಂದ್ರ 1 ನಿಮಿಷಕ್ಕ ನನ್ನ ತಕರಾರಿಲ್ಲ.

ಕೋಡ್_ಕಟ್ಟೆ

ಅಳತೆ ಮಾಡಿದರೆ ಕಚ್ಚಾ ಲಾಗನ್ನೂ ಇಲ್ಲೇ ಹಾಕಿ. ಬಿಸಿಎಚ್ ಅಪ್‌ಗ್ರೇಡ್ ಮೇ 15ಕ್ಕೆ, ಅದರಲ್ಲಿ ಏನಿರಬೇಕು ಅನ್ನುವುದು ಹಿಂದಿನ ನವೆಂಬರ್ 15ಕ್ಕೇ ಗಟ್ಟಿಯಾಗುತ್ತದೆ, ಚಿಪ್‌ನೆಟ್ ಅನ್ನುವ ಪರೀಕ್ಷಾ ನೆಟ್‌ವರ್ಕಿನಲ್ಲಿ ಆಗಲೇ ಜಾರಿ. ಟೈಮ್‌ಲಾಕ್ ಇರುವವರಿಗೆ ಆ ಆರು ತಿಂಗಳು ಏತಕ್ಕೂ ಸಾಲದು, ಕನಿಷ್ಠ ಒಂದೂವರೆ ವರ್ಷದ ಮುನ್ಸೂಚನೆ ಇಲ್ಲದ ಪ್ರಸ್ತಾಪಕ್ಕೆ ನನ್ನ ಒಪ್ಪಿಗೆ ಇಲ್ಲ. ಈಗ ಲಾಕ್ ಆಗಿರುವ 65,535 ಬ್ಲಾಕಿನವು ಪೂರ್ತಿ ತೀರಲು 455 ದಿನ ಬೇಕು ಅನ್ನುವುದೇ ಅದಕ್ಕೆ ಲೆಕ್ಕ.